ಹೊಸ ಕಂಪ್ಯೂಟರ್ ಆಮೇಲೆ, ಮೊದಲು ಬೀಗದ ಕೈ ಯಾರ ಹತ್ತಿರ ಇದೆ ಕೇಳಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನೂರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಓದಿದ ಸರ್ಕಾರಿ ಪ್ರೌಢಶಾಲೆಯಲ್ಲಿ ಈಗ 8ರಿಂದ 10ನೇ ತರಗತಿವರೆಗೆ 140 ಮಕ್ಕಳಿದ್ದಾರೆ. ಹೆಚ್ಚಿನವರು ಕೂಲಿಕಾರರ, ಸಣ್ಣ ರೈತರ ಮಕ್ಕಳು. ಕಂಪ್ಯೂಟರ್ ರೂಮಿನಲ್ಲಿ 11 ಹಳೆಯ ಕಂಪ್ಯೂಟರ್‌ಗಳಿವೆ, ನಡೆಯುವುದು 6 ಮಾತ್ರ. ಕಂಪ್ಯೂಟರ್ ಮೇಷ್ಟ್ರು ಅಂತ ಯಾರೂ ಇಲ್ಲ. ನಾವು ಹಳೆ ವಿದ್ಯಾರ್ಥಿಗಳು ಸೇರಿ ಎರಡೂವರೆ ಲಕ್ಷ ರೂಪಾಯಿ ಕೂಡಿಸಿದ್ದೇವೆ. ಹೊಸ ಕಂಪ್ಯೂಟರ್ ಕೊಳ್ಳೋಣವೇ? ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಎಐ ಕಲಿಸಬಹುದೇ? ನಾವು ನಾಲ್ಕು ಜನ ತಿಂಗಳಿಗೆ ಎರಡು ಶನಿವಾರ ಹೋಗಿಬರಬಲ್ಲೆವು. ಉದ್ಘಾಟನೆಗೆ ಶಾಸಕರನ್ನು ಕರೆಯಬೇಕು ಅಂತಲೂ ಊರಿನವರು ಹೇಳುತ್ತಿದ್ದಾರೆ.

ಉತ್ತರ: ಹೊಸ ಕಂಪ್ಯೂಟರ್ ಈಗಲೇ ಕೊಳ್ಳಬೇಡಿ. ಆ ದುಡ್ಡಿನಲ್ಲಿ ಮೊದಲು ಒಬ್ಬ ಮನುಷ್ಯರ ಸಮಯ ಕೊಳ್ಳಿ. ಯಾಕೆ ಅಂತ ಹೇಳುವ ಮುಂಚೆ ನಾನೇ ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಾವು ಕೆಲವು ಗೆಳೆಯರು ನಿಮ್ಮ ಹಾಗೆಯೇ ದುಡ್ಡು ಕೂಡಿಸಿ ಒಂದು ಹಳ್ಳಿ ಶಾಲೆಗೆ ಹತ್ತು ಕಂಪ್ಯೂಟರ್ ಕೊಟ್ಟೆವು. ಟೇಬಲ್, ಕುರ್ಚಿ, ನೀಲಿ ಪರದೆ, ಎಲ್ಲಾ ನಮ್ಮದೇ. ಒಂದೂವರೆ ವರ್ಷ ಬಿಟ್ಟು ಹೋದೆ. ಹೆಡ್‌ಮಾಸ್ಟರ್ ಪ್ರೀತಿಯಿಂದ ಬೀಗ ತೆಗೆಸಿದರು. ಹತ್ತೂ ಕಂಪ್ಯೂಟರ್ ಹೊಸದರ ಹಾಗೇ ಇದ್ದವು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಹೊದಿಕೆ ಎತ್ತಿದರೆ ಒಂದೊಂದು ಮಾನಿಟರ್ ಹಣೆಗೂ ಒಣಗಿದ ಕುಂಕುಮ, ವಿಭೂತಿ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ತಪ್ಪದೆ ಬಾಗಿಲು ತೆಗೆಯುತ್ತಿದ್ದರಂತೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದರೆ ಹೆಡ್‌ಮಾಸ್ಟರ್ ಮೇಲೆ ಸಿಟ್ಟಾಗುವ ಹಾಗಿರಲಿಲ್ಲ. ಆ ಹತ್ತು ಕಂಪ್ಯೂಟರ್ ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಹೆಸರಿಗೆ ಏರಿದ್ದವು. ಒಂದು ಮೌಸ್ ಕಳೆದರೂ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರು. ಕಂಪ್ಯೂಟರ್ ನಡೆಸದಿದ್ದರೆ ಯಾರೂ ಕೇಳುವುದಿಲ್ಲ, ಕೆಟ್ಟರೆ ಎಲ್ಲರೂ ಕೇಳುತ್ತಾರೆ. ನೀವು ಅವರ ಜಾಗದಲ್ಲಿದ್ದರೂ ಬೀಗ ಹಾಕುತ್ತಿದ್ದಿರಿ, ಅಲ್ವಾ?

ಹಾಗಾಗಿ ನೀವು ಊರಿಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಜಿಬಿ ರ್‍ಯಾಮ್ ಇದೆ ಅಂತ ಅಲ್ಲ. ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತೆ, ಅವರು ರಜೆ ಹಾಕಿದ ದಿನ ಎಲ್ಲಿರುತ್ತೆ, ಅದನ್ನು ಕೇಳಿ.

ಈಗ ಲೆಕ್ಕಕ್ಕೆ ಬರೋಣ. 140 ಮಕ್ಕಳು ಅಂದರೆ ಒಂದು ತರಗತಿಗೆ ಸುಮಾರು 47. ನಡೆಯುವ ಕಂಪ್ಯೂಟರ್ 6. ಒಂದಕ್ಕೆ ಎಂಟು ಮಕ್ಕಳು. ಪೀರಿಯಡ್ 40 ನಿಮಿಷ. ಎಲ್ಲಾ ಸರಿಯಾಗಿ ನಡೆದರೂ ಒಂದು ಮಗುವಿನ ಕೈಗೆ ಕೀಬೋರ್ಡ್ ಸಿಗುವುದು 5 ನಿಮಿಷ. ವಾರಕ್ಕೊಂದು ಪೀರಿಯಡ್, ಹಬ್ಬ, ಪರೀಕ್ಷೆ, ಕ್ರೀಡಾಕೂಟ ಕಳೆದು ವರ್ಷಕ್ಕೆ 30 ವಾರ ಅಂತ ಇಟ್ಟುಕೊಳ್ಳಿ. 150 ನಿಮಿಷ. ಇಡೀ ವರ್ಷಕ್ಕೆ ಎರಡೂವರೆ ಗಂಟೆ! ಇಷ್ಟರಲ್ಲಿ ಸೈಕಲ್ ಹೊಡೆಯುವುದೂ ಬರುವುದಿಲ್ಲ. ಅದರಲ್ಲೂ ಎಂಟು ಜನರಲ್ಲಿ ಒಬ್ಬ ಹುಡುಗ ಮೌಸ್ ಹಿಡಿದರೆ ಬಿಡುವವನಲ್ಲ. ಅವನಿಗೆ 20 ನಿಮಿಷ, ಹಿಂದೆ ನಿಂತ ಹುಡುಗಿಯರಿಗೆ ಸೊನ್ನೆ.

ಇನ್ನೊಂದು ಲೆಕ್ಕ ಮಾಡೋಣ. ಕೆಟ್ಟಿರುವ ಐದರಲ್ಲಿ ನಾಲ್ಕು ರಿಪೇರಿ ಆಗಿ ಹತ್ತು ಕಂಪ್ಯೂಟರ್ ನಡೆದವು ಅನ್ನಿ. 20 ಮಕ್ಕಳ ತಂಡ, ಒಂದಕ್ಕೆ ಇಬ್ಬರು. ಅದೇ 40 ನಿಮಿಷದಲ್ಲಿ ಒಬ್ಬರಿಗೆ 20 ನಿಮಿಷ. ಅದೇ 30 ವಾರಕ್ಕೆ 10 ಗಂಟೆ. ಒಂದೂ ಹೊಸ ಕಂಪ್ಯೂಟರ್ ಕೊಳ್ಳದೆ ನಾಲ್ಕು ಪಟ್ಟು ಆಯಿತು. ಆದರೆ 140 ಮಕ್ಕಳಿಗೆ ಇಂಥ ಏಳು ತಂಡ ಬೇಕು. ವಾರಕ್ಕೆ ಏಳು ಸಲ ಬಾಗಿಲು ತೆಗೆದು, ಜೊತೆಗೆ ಕೂತು, ಮತ್ತೆ ಬೀಗ ಹಾಕುವವರು ಬೇಕು. ಮನುಷ್ಯರ ಸಮಯ ಕೊಳ್ಳಿ ಅಂದದ್ದು ಇದಕ್ಕೇ.

ನಿಮ್ಮ ಶಾಲೆಗೆ ಮಾತ್ರ ಬಂದ ಗತಿ ಅಲ್ಲ ಇದು. ಕೇಂದ್ರ ಸರ್ಕಾರ 2004ರ ಡಿಸೆಂಬರಿನಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆಗೆ ಅಂತ ಐಸಿಟಿ ಯೋಜನೆ ತಂದಿತು. ಕರ್ನಾಟಕದಲ್ಲಿ ಅದರ ಕೆಲವು ಹಂತಗಳು ‘ಬೂಟ್’ ಅನ್ನುವ ಮಾದರಿಯಲ್ಲಿ ನಡೆದವು. ಅಂದರೆ ಒಂದು ಖಾಸಗಿ ಏಜೆನ್ಸಿ ಲ್ಯಾಬ್ ಕಟ್ಟುತ್ತೆ, ತನ್ನದೇ ಕಡೆಯಿಂದ ಕಲಿಸುವವರನ್ನು ಇಡುತ್ತೆ, ಕರಾರಿನ ವರ್ಷ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗುತ್ತೆ. ಒಪ್ಪಿಸಿದ್ದು ಕಂಪ್ಯೂಟರನ್ನು. ಕಲಿಸುವವರು ಏಜೆನ್ಸಿ ಜೊತೆಗೇ ಹೊರಟುಹೋದರು. ಬ್ಯಾಟರಿ ಹೋಯಿತು, ಒಂದೊಂದಾಗಿ ಕಂಪ್ಯೂಟರ್ ಹೋಯಿತು. ಆಮೇಲೆ 2016ರ ಹೊತ್ತಿಗೆ ಬಂದ ಟಿಎಎಲ್‌ಪಿ ಅನ್ನುವ ತಂತ್ರಜ್ಞಾನ ನೆರವಿನ ಕಲಿಕೆಯ ಕಾರ್ಯಕ್ರಮದಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು. ಆ ಯೋಚನೆ ಸರಿ. ನಿಮ್ಮ ಶಾಲೆಯಲ್ಲಿ ಆ ತರಬೇತಿ ತಗೊಂಡ ಶಿಕ್ಷಕರು ಯಾರಾದರೂ ಇದ್ದಾರಾ ನೋಡಿ. ಇದ್ದರೆ ನಿಮ್ಮ ಅರ್ಧ ಕೆಲಸ ಆದ ಹಾಗೆ. ಅವರನ್ನು ಬಿಟ್ಟು ನೇರವಾಗಿ ಮಕ್ಕಳ ಹತ್ತಿರ ಹೋಗಬೇಡಿ.

ಪಕ್ಕದ ಕೇರಳದವರು 2001ರಲ್ಲಿ ಐಟಿ ಅಟ್ ಸ್ಕೂಲ್ ಅನ್ನುವ ಯೋಜನೆ ಶುರು ಮಾಡಿದಾಗಲೇ ಶಾಲೆಯ ಶಿಕ್ಷಕರನ್ನೇ ತಯಾರು ಮಾಡಿದರು, ಆಮೇಲೆ ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ, ತಿರುಗಿದರು. 2018ರಲ್ಲಿ ಲಿಟಲ್ ಕೈಟ್ಸ್ ಅಂತ ಮಕ್ಕಳದೇ ಕ್ಲಬ್ ಮಾಡಿದರು. ಅಲ್ಲಿ ಲ್ಯಾಬ್ ನೋಡಿಕೊಳ್ಳುವುದರಲ್ಲಿ ಮಕ್ಕಳ ಕೈಯೂ ಇದೆ. ಇದನ್ನು ಧಾರಾಳವಾಗಿ ಕದಿಯಬಹುದು.

ಹಾಗಾದರೆ ಯಾರನ್ನು ಇಡಬೇಕು? ಊರಲ್ಲೇ ಇರುವ, ಬಿಎ, ಬಿಕಾಂ ಅಥವಾ ಬಿಎಸ್ಸಿ ಮುಗಿಸಿ ಮನೆಯಲ್ಲಿರುವ ಒಬ್ಬ ಹುಡುಗಿಯನ್ನು ಹುಡುಕಿ. ಹುಡುಗಿ ಅಂತ ಬೇಕಂತಲೇ ಹೇಳುತ್ತಿದ್ದೇನೆ. ಸಂಜೆ ಹೊತ್ತು ರೂಮಿನಲ್ಲಿ ಒಬ್ಬ ಅಕ್ಕ ಇದ್ದಾರೆ ಅಂದರೆ ಹೆಣ್ಣುಮಕ್ಕಳನ್ನು ಮನೆಯವರು ಕಳಿಸುತ್ತಾರೆ. ಕಂಪ್ಯೂಟರ್ ಸೈನ್ಸ್ ಡಿಗ್ರಿ ಬೇಕಾಗಿಲ್ಲ. ನೀವು ನಾಲ್ಕು ಜನ ಒಂದು ತಿಂಗಳು ಸರಿಯಾಗಿ ಕಲಿಸಿದರೆ ಸಾಕು. ತಿಂಗಳಿಗೆ 6,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು ಅಂದರೆ 60,000. ಎರಡು ವರ್ಷಕ್ಕೆ 1,20,000. ನಿಮ್ಮ ಎರಡೂವರೆ ಲಕ್ಷದಲ್ಲಿ ದೊಡ್ಡ ಪಾಲು ಇದೇ ಆಗಲಿ. ದುಡ್ಡನ್ನು ಕೈಯಿಂದ ಕೈಗೆ ಕೊಡಬೇಡಿ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಠರಾವು ಮಾಡಿಸಿ, ಅದರ ಖಾತೆಯಿಂದಲೇ ಹೋಗಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಇದು ಬರೀ ಕಾಗದದ ಕೆಲಸ ಅನ್ನಿಸಬಹುದು. ಆದರೆ ಹೆಡ್‌ಮಾಸ್ಟರ್ ಬೀಗದ ಕೈ ಬಿಟ್ಟುಕೊಡುವುದು ಆ ಠರಾವಿನ ಧೈರ್ಯದ ಮೇಲೆಯೇ. ಠರಾವಿನಲ್ಲಿ ಒಂದು ಸಾಲು ಸೇರಿಸಿ: ಬಳಕೆಯಲ್ಲಿ ಕೆಟ್ಟ ಸಾಮಾನಿನ ರಿಪೇರಿ ಖರ್ಚು ಹಳೆ ವಿದ್ಯಾರ್ಥಿಗಳದು. ಈ ಒಂದು ಸಾಲಿಗೆ ಹೊಸ ಕಂಪ್ಯೂಟರಿಗಿಂತ ಜಾಸ್ತಿ ಬೆಲೆ ಇದೆ.

ಇನ್ನು ರಿಪೇರಿ. ನೀವು ಸಾಫ್ಟ್‌ವೇರಿನವರು, ಸ್ಕ್ರೂಡ್ರೈವರ್ ಹಿಡಿದು ವರ್ಷವಾಗಿರಬಹುದು, ಬೇಜಾರು ಮಾಡಿಕೊಳ್ಳಬೇಡಿ! ಸತ್ತಿದೆ ಅಂತ ಮೂಲೆಗೆ ತಳ್ಳಿದ ಕಂಪ್ಯೂಟರ್‌ಗಳಲ್ಲಿ ಎಷ್ಟೋ ನಿಜವಾಗಿ ಸತ್ತಿರುವುದಿಲ್ಲ. ಧೂಳು, ಸಡಿಲ ಕೇಬಲ್, ಇಲಿ ಕಡಿದ ವೈರ್, ರ್‍ಯಾಮ್ ತುದಿಗೆ ಹಿಡಿದ ಕಿಲುಬು. ರ್‍ಯಾಮ್ ಪಟ್ಟಿ ಕಿತ್ತು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಟಕ್ ಅಂತ ವಾಪಸ್ ಕೂರಿಸಿದರೆ ಎದ್ದು ಕೂರುತ್ತವೆ. ಫೈಲ್ ಉಳಿಸುವ ಹಳೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಚಿಕ್ಕ ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಕಂಪ್ಯೂಟರ್ ಕೂಡ ಚುರುಕಾಗುತ್ತೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿಗೆ ಮುಗಿದಿದೆ, ವಿಂಡೋಸ್ 11 ಇಂಥ ಹಳೆ ಕಂಪ್ಯೂಟರ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿ, ಲುಬುಂಟು ತರಹದ ಹಗುರದ್ದು. ವೈರಸ್ಸಿನ ಕಾಟವೂ ಬಹಳ ಮಟ್ಟಿಗೆ ತಪ್ಪುತ್ತೆ. ಪೆನ್‌ಡ್ರೈವ್ ಊರೆಲ್ಲಾ ಸುತ್ತಿ ಬರುವ ಕಡೆ ಅದು ಸಣ್ಣ ಮಾತಲ್ಲ.

ಒಂದು ಚಿಕ್ಕ ವಸ್ತು ಮರೆಯಬೇಡಿ. ಮದರ್‌ಬೋರ್ಡ್ ಮೇಲೆ ಬಿಲ್ಲೆಯ ಹಾಗೆ ಒಂದು ಸೆಲ್ ಇರುತ್ತೆ, ಸಿಆರ್ 2032 ಅಂತ. ಅದು ಸತ್ತರೆ ಕಂಪ್ಯೂಟರಿನ ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗುತ್ತೆ, ಎಷ್ಟೋ ವರ್ಷ ಹಿಂದಕ್ಕೆ. ತಾರೀಖು ತಪ್ಪಾಗಿದ್ದರೆ ಬ್ರೌಸರ್ ಯಾವ ವೆಬ್‌ಸೈಟನ್ನೂ ನಂಬುವುದಿಲ್ಲ, ‘ಸುರಕ್ಷಿತವಲ್ಲ’ ಅಂತ ಕೆಂಪು ಪುಟ ತೋರಿಸುತ್ತೆ. ಶಾಲೆಯವರು ಇಂಟರ್ನೆಟ್ಟೇ ಕೆಟ್ಟಿದೆ ಅಂದುಕೊಂಡು ಕೈಬಿಡುತ್ತಾರೆ. ಒಂದು ಶಾಲೆಯಲ್ಲಿ ಎರಡು ವರ್ಷ ನಿಂತ ಲ್ಯಾಬ್ ನಲವತ್ತು ಐವತ್ತು ರೂಪಾಯಿಯ ಸೆಲ್‌ಗಳಿಂದ ಎದ್ದದ್ದು ನೋಡಿದ್ದೇನೆ. ಹೋಗುವಾಗ ಹನ್ನೊಂದು ಸೆಲ್ ಜೇಬಿನಲ್ಲಿ ಹಾಕಿಕೊಂಡು ಹೋಗಿ.

ಯುಪಿಎಸ್ ಬ್ಯಾಟರಿ ಬೇರೆ ಕಥೆ. ನೀರು ಹಾಕುವ ಬ್ಯಾಟರಿ ಇದ್ದರೆ ಡಿಸ್ಟಿಲ್ಡ್ ವಾಟರ್ ಹಾಕುವ ತಾರೀಖನ್ನು ಗೋಡೆ ಮೇಲೆ ಬರೆದಿಡಬೇಕು, ಇಲ್ಲದಿದ್ದರೆ ಯಾರೂ ಹಾಕುವುದಿಲ್ಲ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಬರಿಗಾಲಲ್ಲಿ ಕೂರುವ ಮಕ್ಕಳಿಗೆ ಡಬ್ಬ ಮುಟ್ಟಿದರೆ ಜುಮ್ ಅನ್ನುವ ರೂಮುಗಳು ಬೇಕಾದಷ್ಟಿವೆ. ಮಕ್ಕಳು ‘ಕರೆಂಟ್ ಹೊಡಿತದ’ ಅಂತ ಹೆದರಿದರೆ ನಿಮ್ಮ ಪಾಠ ಅಲ್ಲಿಗೇ ಮುಗಿಯಿತು.

ಅಂದಾಜು ಹೇಳಬೇಕೆಂದರೆ ರಿಪೇರಿಗೆ 45,000, ಬ್ಯಾಟರಿ, ವೈರಿಂಗಿಗೆ 35,000, ಅಕ್ಕನ ಗೌರವಧನಕ್ಕೆ 1,20,000. ಉಳಿದ 50,000 ಮುಟ್ಟಬೇಡಿ. ಖರ್ಚು ತಾನಾಗೇ ಬರುತ್ತೆ.

ಈಗ ಕಲಿಸುವ ವಿಷಯ. ಮೊದಲ ದಿನ ಕಂಪ್ಯೂಟರ್ ಆನ್ ಮಾಡಲೇಬೇಡಿ. ಕೆಟ್ಟದ್ದೊಂದನ್ನು ಟೇಬಲ್ ಮೇಲಿಟ್ಟು ಬಿಚ್ಚಿಸಿ. ನಾನು ಒಂದು ಶಾಲೆಯಲ್ಲಿ ಹೀಗೆ ಮಾಡಿದಾಗ ಎಂಟನೇ ಕ್ಲಾಸಿನ ಒಬ್ಬಳು ದೂರದಲ್ಲೇ ನಿಂತು ಕೇಳಿದಳು: ‘ಮುಟ್ಟಿದ್ರ ಕೆಡ್ತದೇನ್ರೀ ಸರ್?’ ಕೆಟ್ಟಿದೆಯಲ್ಲಮ್ಮಾ, ಇನ್ನೇನು ಕೆಡುತ್ತೆ, ಬಾ ಅಂದೆ. ರಬ್ಬರ್ ಅವಳ ಕಂಪಾಸ್ ಬಾಕ್ಸಿನದೇ. ಉಜ್ಜಿದಳು, ಎರಡು ಹೆಬ್ಬೆಟ್ಟಿನಿಂದ ಒತ್ತಿ ಕೂರಿಸಿದಳು. ಬೀಪ್ ಅಂತ ಸದ್ದು ಬಂದು ಪರದೆ ಬೆಳಗಿತು. ಆಮೇಲೆ ಆ ವರ್ಷವಿಡೀ ಆ ಕಂಪ್ಯೂಟರ್ ಪಕ್ಕ ಅವಳನ್ನು ಬಿಟ್ಟು ಯಾರಿಗೂ ಮೊದಲ ಜಾಗ ಇರಲಿಲ್ಲ. ಹುಡುಗರು ಕೂಡ ಅವಳನ್ನೇ ಕೇಳುತ್ತಿದ್ದರು. ಬಡಮಕ್ಕಳಿಗೆ ಬುದ್ಧಿ ಕಡಿಮೆ ಇಲ್ಲ. ಕಡಿಮೆ ಇರುವುದು ದುಬಾರಿ ವಸ್ತು ಮುಟ್ಟುವ ಧೈರ್ಯ. ಮನೆಯಲ್ಲಿ ಟಿವಿ ರಿಮೋಟ್ ಕೆಳಗೆ ಬಿದ್ದರೂ ಬೈಗುಳ ತಿಂದ ಮಕ್ಕಳು ಅವು.

ಇಬ್ಬರಿಗೆ ಒಂದು ಕಂಪ್ಯೂಟರ್ ಅಂದೆನಲ್ಲ, ಅದಕ್ಕೊಂದು ನಿಯಮ ಇದೆ. ಒಬ್ಬರು ‘ಕೈ’, ಒಬ್ಬರು ‘ಬಾಯಿ’. ಬಾಯಿ ಆದವರು ಏನು ಒತ್ತಬೇಕು ಅಂತ ಹೇಳಬೇಕು, ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಕೈ ಆದವರು ಹೇಳಿದ್ದನ್ನೇ ಮಾಡಬೇಕು. ಹತ್ತು ನಿಮಿಷಕ್ಕೊಮ್ಮೆ ಗಂಟೆ, ಅದಲುಬದಲು. ಚಮಚದಿಂದ ಸ್ಟೀಲ್ ತಟ್ಟೆ ಬಾರಿಸಿದರೂ ನಡೆಯುತ್ತೆ. ಇಲ್ಲಿ ಸಡಿಲ ಬಿಟ್ಟರೆ ಎರಡನೇ ವಾರಕ್ಕೆ ಎಲ್ಲಾ ಮೌಸ್ ಹುಡುಗರ ಕೈಯಲ್ಲಿರುತ್ತವೆ.

ತಂಡದ ಹೊತ್ತನ್ನು ಬೆಂಗಳೂರಲ್ಲಿ ಕೂತು ಎಕ್ಸೆಲ್‌ನಲ್ಲಿ ಹಾಕಬೇಡಿ. ಪಕ್ಕದ ಹಳ್ಳಿಯ ಮಕ್ಕಳಿಗೆ ಸಂಜೆ ಬಸ್ ಎಷ್ಟಕ್ಕೆ? ಹೆಣ್ಣುಮಕ್ಕಳು ನೀರಿಗೆ ಹೋಗುವುದು ಯಾವಾಗ? ನಾನು ನೋಡಿದ ಹೆಚ್ಚಿನ ಕಡೆ ಹುಡುಗಿಯರು ಬೆಳಿಗ್ಗೆ ಪ್ರಾರ್ಥನೆಗೆ ಮುಂಚಿನ ಮುಕ್ಕಾಲು ಗಂಟೆ ಕೇಳುತ್ತಾರೆ, ಹುಡುಗರು ಸಂಜೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ತಂಡ ಹಿಡಿಯುತ್ತೆ. ಆಮೇಲೆ ನಿಮಗೆ ಗೊತ್ತಿರುವುದೇ, ಹತ್ತಿ ಬಿಡಿಸುವ ಕಾಲದಲ್ಲಿ ಹಾಜರಿ ಬೀಳುತ್ತೆ. ದೀಪಾವಳಿ ಕಳೆದ ಮೇಲೆ ಕೆಲವು ಮನೆಯವರು ಗುಳೆ ಹೊರಡುತ್ತಾರೆ, ಮಕ್ಕಳೂ ಜೊತೆಗೆ. ಹಾಗಾಗಿ ಮುಖ್ಯ ಪಾಠಗಳೆಲ್ಲ ಜೂನ್‌ನಿಂದ ಅಕ್ಟೋಬರ್ ಒಳಗೆ ಬರಲಿ. ಹತ್ತನೇ ತರಗತಿಯವರನ್ನು ಜನವರಿ ಆದಮೇಲೆ ಕೇಳಲೇಬೇಡಿ. ಎಸ್‌ಎಸ್‌ಎಲ್‌ಸಿ ವಿಶೇಷ ತರಗತಿ ಶುರುವಾಗಿರುತ್ತೆ. ಫಲಿತಾಂಶದ ವಿಷಯದಲ್ಲಿ ಹೆಡ್‌ಮಾಸ್ಟರ್ ಜೊತೆ ಜಗಳಕ್ಕೆ ಇಳಿದವರು ಗೆದ್ದದ್ದಿಲ್ಲ.

ಎಂಟನೇ ತರಗತಿಗೆ ಕೀಬೋರ್ಡ್, ಫೈಲ್, ಫೋಲ್ಡರ್. ಕೀಬೋರ್ಡನ್ನು ಕನ್ನಡದಿಂದಲೇ ಶುರು ಮಾಡಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಸರ್ಕಾರ ಒಪ್ಪಿಕೊಂಡಿದೆ, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲೂ ಅದೇ ಇರುವುದು. ಲಿನಕ್ಸ್‌ನಲ್ಲಿ ಅದು ‘ಕಗಪ’ ಅನ್ನುವ ಹೆಸರಿನಲ್ಲಿ ಮೊದಲೇ ಇರುತ್ತೆ, ಆಯ್ಕೆ ಮಾಡಿಕೊಂಡರಾಯಿತು. ಇದರ ಸೊಗಸು ನೋಡಿ: ಎ, ಎಂ, ಎಫ್, ಎಂ ಒತ್ತಿದರೆ ‘ಅಮ್ಮ’. ಎಫ್ ಅನ್ನುವುದು ಒತ್ತಕ್ಷರದ ಕೊಂಡಿ. ಬಿ, ಎಸ್, ಎಂ, ಎಫ್, ಎಂ ಅಂದರೆ ‘ಬಸಮ್ಮ’. ಒತ್ತಕ್ಷರ ಹೇಗೆ ಆಗುತ್ತೆ ಅಂತ ಮೂರನೇ ಕ್ಲಾಸಿನಲ್ಲಿ ತಪ್ಪಿಸಿಕೊಂಡ ಮಗು ಕೂಡ ಇಲ್ಲಿ ಹಿಡಿಯುತ್ತೆ. ಒಂದೇ ಎಚ್ಚರಿಕೆ: ಟೈಪ್ ಮಾಡಿದ್ದೆಲ್ಲಾ ಯಾವ ಕಂಪ್ಯೂಟರಿಗೂ ಓದಲು ಬರುವ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತೆ.

ಮೆನುಗಳನ್ನು ಕೂಡ ಕನ್ನಡಕ್ಕೆ ಬದಲಿಸಬೇಕಾ ಅಂತ ಕೇಳಬಹುದು. ಇಲ್ಲಿ ನನ್ನ ಅಭಿಪ್ರಾಯ ಎಲ್ಲರಿಗೂ ಹಿಡಿಸುವುದಿಲ್ಲ. ಮೆನು ಇಂಗ್ಲಿಷಿನಲ್ಲೇ ಇರಲಿ. ನಾಳೆ ಕಾಲೇಜಿನ ಲ್ಯಾಬ್‌ನಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ, ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಅವರು ನೋಡುವುದು ಇಂಗ್ಲಿಷ್ ಮೆನುವನ್ನೇ. ಫೈಲ್, ಸೇವ್, ಕಾಪಿ, ಪೇಸ್ಟ್ ತರಹದ ಮೂವತ್ತು ಪದ ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ ಬರೆದು ಗೋಡೆಗೆ ಅಂಟಿಸಿ. ವಿವರಣೆ ಮಾತ್ರ ಪೂರ್ತಿ ಕನ್ನಡದಲ್ಲಿ, ಅದೂ ರಾಯಚೂರಿನ ಕನ್ನಡದಲ್ಲಿ.

ಒಂಬತ್ತನೇ ತರಗತಿಗೆ ಲೆಕ್ಕದ ಹಾಳೆ, ಅಂದರೆ ಸ್ಪ್ರೆಡ್‌ಶೀಟ್. ನನಗೆ ತುಂಬಾ ಇಷ್ಟವಾದ ಪಾಠ ಇದು. ಪಠ್ಯಪುಸ್ತಕದಲ್ಲಿ ಕೊಡುವ ಹಾಗೆ ಐದು ವಿದ್ಯಾರ್ಥಿಗಳ ಅಂಕ ಕೂಡಿಸಲು ಹೇಳಬೇಡಿ, ಯಾರಿಗೂ ಅದರ ಮೇಲೆ ಆಸೆ ಇಲ್ಲ. ಮನೆಯ ಪಹಣಿ ತರಲು ಹೇಳಿ. ಹೊಲ ಇಲ್ಲದವರು ಪಕ್ಕದವರ ಜೊತೆ ಕೂರಲಿ. ಒಂದು ಹೊಲ 2 ಎಕರೆ 15 ಗುಂಟೆ, ಇನ್ನೊಂದು 1 ಎಕರೆ 30 ಗುಂಟೆ. ಕೂಡಿಸಿ ಅನ್ನಿ. ಮಕ್ಕಳು 2.15 ಮತ್ತು 1.30 ಅಂತ ಹಾಕುತ್ತಾರೆ. ಕಂಪ್ಯೂಟರ್ 3.45 ಅನ್ನುತ್ತೆ. ಸರಿನಾ? ಸ್ವಲ್ಪ ಹೊತ್ತು ಸುಮ್ನಿರಿ. ಹಿಂದಿನಿಂದ ಯಾವನೋ ಒಬ್ಬ ‘ಸರ್, ನಲವತ್ತು ಗುಂಟೆಗೆ ಎಕರೆ ಅಲ್ರೀ!’ ಅಂತಾನೆ. ಅಲ್ಲಿಂದ ಪಾಠ ಶುರು. 15 ಮತ್ತು 30 ಸೇರಿದರೆ 45 ಗುಂಟೆ, ಅಂದರೆ 1 ಎಕರೆ 5 ಗುಂಟೆ. ಒಟ್ಟು 4 ಎಕರೆ 5 ಗುಂಟೆ. ಕಂಪ್ಯೂಟರ್ ಅರ್ಧ ಎಕರೆಗಿಂತ ಜಾಸ್ತಿ ನುಂಗಿಬಿಟ್ಟಿತ್ತು!

ಇನ್ನೊಬ್ಬ 2-10 ಅಂತ ಹಾಕಿರುತ್ತಾನೆ, ಕಂಪ್ಯೂಟರ್ ಅದನ್ನು ತಾರೀಖು ಅಂದುಕೊಂಡಿರುತ್ತೆ. ಅದೂ ಒಳ್ಳೆಯದೇ, ನಗಲಿ. ಆಮೇಲೆ ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು. ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಕೂಡಿಸು, ಎಲ್ಲವನ್ನೂ ಗುಂಟೆಯಲ್ಲಿ ಕೂಡಿಸು, ಮತ್ತೆ 40ರಿಂದ ಭಾಗಿಸಿ ಎಕರೆ ಮಾಡು, ಉಳಿದದ್ದು ಗುಂಟೆ. ಯಂತ್ರಕ್ಕೆ ನಾವು ಹೇಳಿಕೊಡದಿದ್ದರೆ ಅದು ತಿಳಿಯದು ಅನ್ನುವುದು ಒಂದೇ ಏಟಿಗೆ ತಲೆಗೆ ಹೋಗುತ್ತೆ. ನನ್ನ ಪ್ರಕಾರ ಪ್ರೋಗ್ರಾಮಿಂಗಿನ ಮೊದಲ ಪಾಠ ಇದೇ. ಮೂರು ಮಕ್ಕಳಿಗೆ ಸಮ ಪಾಲು ಹಂಚು ಅಂತ ಮುಂದುವರಿಸಬಹುದು. ಹೆಣ್ಣುಮಕ್ಕಳಿಗೂ ಪಾಲು ಉಂಟಲ್ಲವಾ ಅಂತ ಒಬ್ಬಳು ಕೇಳಿದರೆ ನನ್ನ ಮೇಲೆ ತಪ್ಪು ಹೊರಿಸಿ.

ಶಾಲೆಯ ಹಾಲಿನ ಲೆಕ್ಕವೂ ಚೆನ್ನಾಗಿ ಬರುತ್ತೆ. ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಪುಡಿ, 150 ಎಂಎಲ್ ಹಾಲು. 140 ಮಕ್ಕಳಿಗೆ 2,520 ಗ್ರಾಂ. ಇವತ್ತು ಹಾಜರಿ 118 ಆದರೆ? 2,124 ಗ್ರಾಂ. ಒಂದು ಸಂಖ್ಯೆ ಬದಲಿಸಿದರೆ ಉಳಿದದ್ದೆಲ್ಲ ತಾನೇ ಬದಲಾಗುವುದನ್ನು ನೋಡಿದಾಗ ಮಕ್ಕಳ ಮುಖ ನೋಡಬೇಕು. ಅಡುಗೆಯವರನ್ನೂ ಕರೆದು ತೋರಿಸಿ.

ಹತ್ತನೇ ತರಗತಿಗೆ ಇಮೇಲ್, ಪಾಸ್‌ವರ್ಡ್, ಅರ್ಜಿ ತುಂಬುವುದು. ಜಾತಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಕಾಲೇಜು ಪ್ರವೇಶ, ಎಲ್ಲಾ ಈಗ ಆನ್‌ಲೈನ್. ಒಂದು ಅಕ್ಷರ ತಪ್ಪಾದರೆ ತಾಲ್ಲೂಕಿಗೆ ಮತ್ತೆ ಬಸ್ ಚಾರ್ಜು, ಒಂದು ದಿನದ ಕೂಲಿ ಹೋಯಿತು. ಆಧಾರಿನಲ್ಲಿರುವ ಹೆಸರು, ಶಾಲೆಯ ದಾಖಲೆಯ ಹೆಸರು, ಬ್ಯಾಂಕಿನ ಹೆಸರು ಒಂದೇ ತರಹ ಇದೆಯಾ ಅಂತ ಪ್ರತಿ ಮಗುವೂ ಒಂದು ಸಲ ಕೂತು ನೋಡಲಿ. ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಮಾತ್ರ ಎಂಟನೇ ತರಗತಿಯವರಿಗೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಅದರ ಅರ್ಜಿ ತುಂಬುವುದನ್ನು ಹತ್ತನೆಯವರು ಎಂಟನೆಯವರಿಗೆ ತೋರಿಸಿಕೊಡಲಿ. ಒಟಿಪಿ ಯಾರಿಗೂ ಹೇಳಬಾರದು, ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಫೋಟೋ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರ್ ಗೋಡೆ ಮೇಲೆ ದೊಡ್ಡದಾಗಿ ಇರಲಿ. ಈ ಮಾತನ್ನು ಹುಡುಗಿಯರ ಜೊತೆ ಅಕ್ಕ ಆಡಲಿ, ನೀವಲ್ಲ.

‘ಎಲ್ಲರ ಮನೆಯಲ್ಲೂ ಮೊಬೈಲ್ ಇದೆಯಲ್ಲ, ಕಂಪ್ಯೂಟರ್ ಯಾಕೆ’ ಅನ್ನುವವರು ಸಿಗುತ್ತಾರೆ. 2023ರಲ್ಲಿ ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಲ್ಲಿ 14ರಿಂದ 18ರ ವಯಸ್ಸಿನ ಗ್ರಾಮೀಣ ಮಕ್ಕಳಲ್ಲಿ ಸುಮಾರು 90 ಶೇಕಡಾ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಫೋನ್ ಬಳಸಲು ಬರುವವರಲ್ಲಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ 43.7 ಶೇಕಡಾ, ಹುಡುಗಿಯರಲ್ಲಿ 19.8. ಮನೆಯ ಫೋನ್ ಅಂದರೆ ಅಣ್ಣನ ಫೋನ್. ಇನ್ನು ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 4.4 ಶೇಕಡಾ. ಫೋನನ್ನು ದೂರ ಇಡಿ ಅಂತಲ್ಲ. ಫೋನಿಗೆ ಕೀಬೋರ್ಡ್ ಜೋಡಿಸುವ ಒಂದು ಒಟಿಜಿ ಕೇಬಲ್ ಸಿಕ್ಕಿಸಿದರೆ ಹಳೇ ಯುಎಸ್‌ಬಿ ಕೀಬೋರ್ಡ್ ಫೋನಿಗೂ ಹೊಂದುತ್ತೆ, ಕರೆಂಟ್ ಹೋದ ದಿನ ಟೈಪಿಂಗ್ ಅದರಲ್ಲೇ ನಡೆಯಲಿ.

ಕೆಲವರು ಶಿಕ್ಷಣ ಸಂಶೋಧಕ ಸುಗತ ಮಿತ್ರ ಅವರ ಪ್ರಯೋಗ ಎತ್ತುತ್ತಾರೆ. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ತೂತು ಮಾಡಿ ಕಂಪ್ಯೂಟರ್ ಇಟ್ಟರು, ಕೊಳೆಗೇರಿ ಮಕ್ಕಳು ತಾವೇ ಕಲಿತರು ಅಂತ. ಮಕ್ಕಳು ತಾವೇ ಸ್ವಲ್ಪ ದೂರ ಹೋಗುತ್ತಾರೆ, ನಿಜ. ಆದರೆ ಪೆರುವಿನಲ್ಲಿ ಲಕ್ಷಗಟ್ಟಲೆ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ ಮೇಲೆ 319 ಹಳ್ಳಿ ಶಾಲೆಗಳಲ್ಲಿ ಅಧ್ಯಯನ ಮಾಡಿದಾಗ ಗಣಿತ, ಭಾಷೆಯ ಅಂಕ ಏರಿದ ಗುರುತು ಸಿಗಲಿಲ್ಲ. ಗುಜರಾತಿನಲ್ಲಿ ಜ್ಞಾನಶಾಲಾ ಅನ್ನುವ ಸಂಸ್ಥೆಯ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಮಾಡಿದ ಪ್ರಯೋಗ ನಿಮಗೆ ಜಾಸ್ತಿ ಹತ್ತಿರ. ಅಲ್ಲಿ ಮೇಷ್ಟ್ರ ಪಾಠದ ಹೊತ್ತು ಕಿತ್ತು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳು ಹಿಂದೆ ಬಿದ್ದರು. ಪಾಠ ಮುಗಿದ ಮೇಲೆ ಹೆಚ್ಚುವರಿಯಾಗಿ ಕೊಟ್ಟಾಗ ಮುಂದೆ ಬಂದರು. ನಾನು ಬೆಳಿಗ್ಗೆ, ಸಂಜೆ ತಂಡ ಮಾಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಪೈಥಾನ್? ಎರಡನೇ ವರ್ಷ, ಆಸೆ ಇರುವ ಹತ್ತು ಹನ್ನೆರಡು ಮಕ್ಕಳಿಗೆ, ನಿಮ್ಮ ಶನಿವಾರಗಳಲ್ಲಿ. ಅದಕ್ಕೂ ಮೊದಲು ಸ್ಕ್ರ್ಯಾಚ್, ಅಂದರೆ ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವುದು. ಎಐ ಅಂತೂ ನೀವು ಕಲಿಸದಿದ್ದರೂ ಅಣ್ಣನ ಫೋನಿನ ವಾಟ್ಸ್ಯಾಪ್‌ನಲ್ಲೇ ಬಂದು ಕೂತಿದೆ. ಅದೇ ಎಕರೆ ಗುಂಟೆಯ ಲೆಕ್ಕವನ್ನು ಕನ್ನಡದಲ್ಲಿ ಅದಕ್ಕೂ ಕೊಡಿ. ಬಂದ ಉತ್ತರವನ್ನು ಮಕ್ಕಳು ತಮ್ಮ ಹಾಳೆಯ ಜೊತೆ ಹೋಲಿಸಲಿ. ತಪ್ಪಿದರೆ ಹಿಡಿಯಲಿ, ಸರಿ ಇದ್ದರೆ ಯಾಕೆ ಸರಿ ಅಂತ ಹೇಳಲಿ.

ನಿಮ್ಮ ಎರಡು ಶನಿವಾರದ ಬಗ್ಗೆ. ಪ್ರೊಜೆಕ್ಟರ್ ಹಚ್ಚಿ ಭಾಷಣ ಮಾಡಬೇಡಿ, ದಯವಿಟ್ಟು. ಒಂದು ಶನಿವಾರ ರಿಪೇರಿಗೆ. ಒಂಬತ್ತನೆಯ ನಾಲ್ಕು ಮಕ್ಕಳನ್ನು, ಇಬ್ಬರು ಹುಡುಗಿಯರು ಇರಲೇಬೇಕು, ಜೊತೆಗೆ ಕೂರಿಸಿಕೊಂಡು ಅವರ ಕೈಯಲ್ಲೇ ಮಾಡಿಸಿ. ಇನ್ನೊಂದು ಶನಿವಾರ ಅಕ್ಕನ ಜೊತೆ. ಮುಂದಿನ ಹದಿನೈದು ದಿನದ ಪಾಠವನ್ನು ಅವರು ನಿಮಗೆ ಕಲಿಸಲಿ, ನೀವು ಎಂಟನೇ ಕ್ಲಾಸಿನ ಮಗು ಅಂದುಕೊಂಡು ಕೂತು ಕೇಳಿ. ಇಂಟರ್ನೆಟ್ ನೆಚ್ಚಿಕೊಳ್ಳಬೇಡಿ. ಕೀವಿಕ್ಸ್ ಅನ್ನುವ ತಂತ್ರಾಂಶದಲ್ಲಿ ವಿಕಿಪೀಡಿಯ, ಫೆಟ್ ಅನ್ನುವ ತಾಣದ ವಿಜ್ಞಾನ ಪ್ರಯೋಗಗಳು ಬೆಂಗಳೂರಲ್ಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ನೆಟ್ ಇಲ್ಲದೆಯೂ ನಡೆಯುತ್ತವೆ.

ಮಕ್ಕಳು ಕಲಿತರಾ ಅಂತ ತಿಳಿಯಲು ಬರೆಯುವ ಪರೀಕ್ಷೆ ಇಡಬೇಡಿ. ಸಿಪಿಯು ಅಂದರೇನು ಅಂತ ಬಾಯಿಪಾಠ ಒಪ್ಪಿಸುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಂದೊಂದು ಮಗುವನ್ನೂ ಒಂಟಿಯಾಗಿ 20 ನಿಮಿಷ ಕೂರಿಸಿ. ಹೆಡ್‌ಮಾಸ್ಟರಿಗೆ ಕನ್ನಡದಲ್ಲಿ ಒಂದು ರಜಾ ಅರ್ಜಿ ಟೈಪ್ ಮಾಡು, ನಿನ್ನ ಹೆಸರಿನ ಫೋಲ್ಡರಿನಲ್ಲಿ ಉಳಿಸು, ಪೆನ್‌ಡ್ರೈವಿಗೆ ಹಾಕು, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ತೋರಿಸು. ಪಕ್ಕದಲ್ಲಿ ಯಾರೂ ಪಿಸುಗುಟ್ಟಬಾರದು. ಮೊದಲ ವರ್ಷ ಅರ್ಧದಷ್ಟು ಮಕ್ಕಳು ಇದನ್ನು ದಾಟಿದರೂ ನನಗೆ ಫೋನ್ ಮಾಡಿ, ಬಂದು ಮಿರ್ಚಿ ಬಜ್ಜಿ ತಿಂದು ಹೋಗುತ್ತೇನೆ.

ಉದ್ಘಾಟನೆಗೆ ಶಾಸಕರನ್ನು ಕರೆಯಿರಿ, ಅದರಲ್ಲೇನೂ ತಪ್ಪಿಲ್ಲ. ಆದರೆ ಜೂನ್‌ನಲ್ಲಿ ಬೇಡ, ನವೆಂಬರಿನಲ್ಲಿ ಇಟ್ಟುಕೊಳ್ಳಿ. ಆಮಂತ್ರಣ ಪತ್ರವನ್ನು ಎಂಟನೇ ತರಗತಿಯವರು ಟೈಪ್ ಮಾಡಲಿ. ಊಟದ ಲೆಕ್ಕ ಒಂಬತ್ತನೆಯವರದು. ಹೆಸರಿನ ಒತ್ತಕ್ಷರ ತಪ್ಪಿದ್ದರೆ ಹಾಗೇ ಬಿಡಬೇಡಿ, ತಿದ್ದಿಸಿ, ಶಾಸಕರಿಗೆ ಬೇಸರ ಆಗಬಾರದಲ್ಲ.